ಎರಡು ಕೋಶದ ಬೀಜಕಕ್ಕೆ ಯಾವ ಹೆಸರು?

ಪ್ರಶ್ನೆ: ಕಾರವಾರದ ಕಾಳಿ ಅಳಿವೆಯಲ್ಲಿ ಕಾಂಡ್ಲಾ ಗಿಡಗಳ ಬುಡದಿಂದ ತಂದ ಕೆಸರಿನಲ್ಲಿ ಪರಾಗ ಎಣಿಸುತ್ತಿದ್ದೇನೆ. ಪರಾಗಕ್ಕಿಂತ ಶಿಲೀಂಧ್ರಗಳ ಕಂದು ಬೀಜಕಗಳೇ ಹೆಚ್ಚು ಕಾಣುತ್ತಿವೆ. ಎರಡು ಕೋಶಗಳ ಒಂದು ಬೀಜಕಕ್ಕೆ ನನ್ನಲ್ಲಿರುವ ಕೈಪಿಡಿ ‘ಡೈಸೆಲ್ಲೇಸ್ಪೊರೈಟಿಸ್’ ಎಂಬ ಪಳೆಯುಳಿಕೆ ಹೆಸರನ್ನು ಕೊಡುತ್ತದೆ. ಮಾರ್ಗದರ್ಶಕರು ಅದನ್ನು ಬಳಸಬೇಡಿ ಎನ್ನುತ್ತಾರೆ. ಯಾವುದು ಸರಿ?
– ಓದುಗರೊಬ್ಬರು, ಶಿರಸಿ

ಉತ್ತರ: ನಿಮ್ಮ ಕೆಸರಿನ ಮಟ್ಟಿಗೆ ಮಾರ್ಗದರ್ಶಕರ ಮಾತೇ ಸರಿ; ಹಾಗೆಂದು ಕೈಪಿಡಿ ತಪ್ಪು ಹೇಳಿದೆ ಎಂದಲ್ಲ. ಅದರಲ್ಲಿರುವುದು ಆಕಾರಕ್ಕೆ ಇಟ್ಟ ಹೆಸರು, ವಂಶಕ್ಕೆ ಇಟ್ಟದ್ದಲ್ಲ. ಇಟಲಿಯ ಶಿಲೀಂಧ್ರತಜ್ಞ ಸಕಾರ್ಡೊ 19ನೆಯ ಶತಮಾನದಲ್ಲಿ ಬೀಜಕಗಳನ್ನು ಕೋಶಗಳ ಸಂಖ್ಯೆ, ಅಡ್ಡಗೋಡೆಗಳ ಜೋಡಣೆ ಮತ್ತು ಒಟ್ಟು ಆಕಾರದಿಂದ ವಿಂಗಡಿಸಿದ್ದರು. ಪಳೆಯುಳಿಕೆ ತಜ್ಞರು ಅದಕ್ಕೆ ರಂಧ್ರಗಳ ಲೆಕ್ಕವನ್ನೂ ಸೇರಿಸಿಕೊಂಡರು. ಒಂದೇ ಕೋಶವಿದ್ದು ರಂಧ್ರವಿಲ್ಲದಿದ್ದರೆ ಇನಾಪರ್ಟಿಸ್ಪೊರೈಟಿಸ್, ಒಂದು ರಂಧ್ರವಿದ್ದರೆ ಮೊನೊಪೊರಿಸ್ಪೊರೈಟಿಸ್. ಕೋಶ ಎರಡಾಗಿ ರಂಧ್ರವಿಲ್ಲದಿದ್ದರೆ ನೀವು ಹೇಳಿದ ಡೈಸೆಲ್ಲೇಸ್ಪೊರೈಟಿಸ್, ಎರಡೂ ತುದಿಯಲ್ಲಿ ರಂಧ್ರವಿದ್ದರೆ ಡಯಾಡೊಸ್ಪೊರೈಟಿಸ್. ಅಡ್ಡಗೋಡೆಗೆ ಲಂಬವಾಗಿ, ಬೆಂಡೆಕಾಯಿಯ ಮೈಮೇಲಿನಂತೆ ಉದ್ದುದ್ದ ಏಣುಗಳಿದ್ದರೆ ಫ್ಯೂಸಿಫಾರ್ಮಿಸ್ಪೊರೈಟಿಸ್.

ತಾಯಿ ಶಿಲೀಂಧ್ರ ಕೊಳೆತುಹೋಗಿ, ಕೈಟಿನ್ ಮತ್ತು ಮೆಲನಿನ್ ಇರುವ ಗಟ್ಟಿಗೋಡೆಯ ಬೀಜಕವೊಂದೇ ಉಳಿದಾಗ ಇದಲ್ಲದೆ ಬೇರೆ ದಾರಿಯೂ ಇರಲಿಲ್ಲ. ಆದರೆ ಈ ಪದ್ಧತಿ ಎಲ್ಲಿ ಎಡವುತ್ತದೆಂಬುದನ್ನು ಹಳಿಯಾಳ, ಮುಂಡಗೋಡದ ಕಡೆಯ ಗೋವಿನಜೋಳದ ಹೊಲದಲ್ಲೇ ನೋಡಬಹುದು. ಅದರ ತುಕ್ಕುರೋಗದ ಶಿಲೀಂಧ್ರವು ಒಂದು ಹಂತದಲ್ಲಿ ಒಂದೇ ಕೋಶದ ಬೀಜಕಗಳನ್ನೂ ಇನ್ನೊಂದು ಹಂತದಲ್ಲಿ ಎರಡು ಕೋಶದವನ್ನೂ ಕೊಡುತ್ತದೆ. ಇವೆರಡೂ ಕಲ್ಲಿದ್ದಲಿನಲ್ಲಿ ಬಿಡಿಬಿಡಿಯಾಗಿ ಸಿಕ್ಕಿದ್ದರೆ ಒಂದೇ ಜೀವಿ ಎರಡು ಕುಲಗಳಲ್ಲಿ ಹಂಚಿಹೋಗುತ್ತಿತ್ತು. ಸಸ್ಯ, ಶಿಲೀಂಧ್ರಗಳಿಗೆ ಹೆಸರಿಡುವ ನಿಯಮಗಳ ನಾಮಕರಣ ಸಂಹಿತೆ ಇದನ್ನು ಬಲ್ಲದು. 2011ರ ಮೆಲ್ಬರ್ನ್ ಸಸ್ಯವಿಜ್ಞಾನ ಸಮ್ಮೇಳನವು ಜೀವಂತ ಶಿಲೀಂಧ್ರಗಳಿಗೆ ‘ಒಂದು ಶಿಲೀಂಧ್ರ, ಒಂದು ಹೆಸರು’ ಎಂದು ಕಟ್ಟುಮಾಡಿತಾದರೂ, ಪಳೆಯುಳಿಕೆಗಳಲ್ಲಿ ಭಾಗಕ್ಕೊಂದು, ಹಂತಕ್ಕೊಂದು ಹೆಸರಿಡಲು ಅವಕಾಶ ಉಳಿದಿದೆ.

ಅಳಿವೆಯ ಮೇಲ್ಪದರದ ಕೆಸರಾದರೋ ಭೂವಿಜ್ಞಾನದ ಲೆಕ್ಕದಲ್ಲಿ ನಿನ್ನೆ ಮೊನ್ನೆಯದು. ಅದರಲ್ಲಿ ಸಿಗುವುದು ಇಂದಿಗೂ ಬದುಕಿರುವ ಕುಲಗಳದ್ದೇ ಆಗಿರುವ ಸಂಭವ ಹೆಚ್ಚಾದ್ದರಿಂದ, ಗುರುತು ಖಚಿತವಾದರೆ ಜೀವಂತ ಕುಲದ ಹೆಸರನ್ನೇ ಬರೆಯಬೇಕು. ನಾಲ್ಕು ಕಂಬಗಳನ್ನು ಒತ್ತೊತ್ತಾಗಿ ಕಟ್ಟಿ, ಒಂದೊಂದರ ತುದಿಗೂ ಒಂದು ಮುಳ್ಳುಗೂದಲು ಸಿಕ್ಕಿಸಿದಂತಿರುವ ಟೆಟ್ರಾಪ್ಲೊವಾ ಎಂಬ ಶಿಲೀಂಧ್ರದ ಬೀಜಕ ಕಂಡರೆ ಅನುಮಾನವೇ ಬೇಡ. ಖಚಿತವಾಗದಿದ್ದರೆ ಸಂಖ್ಯೆ ಕೊಡಿ. ಆಮ್‌ಸ್ಟರ್‌ಡ್ಯಾಮಿನಲ್ಲಿ ವಾನ್ ಖೇಲ್ ಮತ್ತು ಸಂಗಡಿಗರು ಹೀಗೆಯೇ ತಮ್ಮ ಹ್ಯೂಗೊ ಡಿ ವ್ರೀಸ್ ಪ್ರಯೋಗಾಲಯದ ಹೆಸರಿನ ‘ಎಚ್‌ಡಿವಿ’ ಸಂಖ್ಯೆಗಳನ್ನು ಕೊಡುತ್ತ ಹೋದರು. ಅವುಗಳಲ್ಲಿ 113 ಎಂಬುದು ಮೇಯುವ ಪ್ರಾಣಿಗಳ ಸಗಣಿ ಹಿಕ್ಕೆಗಳಲ್ಲಿ ಬೆಳೆಯುವ ಸ್ಪೊರೊರ್ಮಿಯೆಲ್ಲ ಎಂಬ ಶಿಲೀಂಧ್ರ. ಅವಸರದ ಲ್ಯಾಟಿನ್ ಹೆಸರಿಗಿಂತ ಅಳತೆಪಟ್ಟಿಯಿರುವ ಚಿತ್ರದೊಂದಿಗೆ ಬರೆದ ‘ಕಾಳಿ-1’ ಎಂಬ ಗುರುತೇ ನನಗೆ ಹೆಚ್ಚು ಪ್ರಾಮಾಣಿಕವೆನಿಸುತ್ತದೆ.

ರಂಧ್ರವಿಲ್ಲ ಎಂದು ಬರೆಯುವ ಮುನ್ನ ಸೂಕ್ಷ್ಮದರ್ಶಕದ ತಿರುಪನ್ನು ನಿಧಾನವಾಗಿ ಮೇಲೆ ಕೆಳಗೆ ಆಡಿಸಿ ಎರಡೂ ತುದಿಗಳನ್ನು ನೋಡಿ. ಬೀಜಕವು ತೊಟ್ಟಿನಿಂದ ಕಳಚಿಕೊಂಡ ಗಾಯವೂ ರಂಧ್ರದಂತೆಯೇ ಕಾಣುವುದುಂಟು. ನಮ್ಮ ಕಡೆಯ ಮಳೆಗಾಲದಲ್ಲಿ ಚೀಲದಲ್ಲಿ ಕಟ್ಟಿಟ್ಟ ಕೆಸರಿಗೂ ಬೂಸ್ಟು ಹಿಡಿಯುತ್ತದೆ. ಪರಾಗ ಎಣಿಸಲು ಕೆಸರನ್ನು ಹದಮಾಡುವಾಗ ಆಮ್ಲ ಹಾಕಿದ ಮೇಲೆ ಬೀಜಕದ ಒಳಗಿನದೆಲ್ಲ ಕರಗಿಹೋಗುವುದರಿಂದ ಹೊಸದು ಯಾವುದು, ಹಳೆಯದು ಯಾವುದು ಎಂದು ತಿಳಿಯುವುದು ಕಷ್ಟ. ಆದ್ದರಿಂದ ಆಮ್ಲಕ್ಕೆ ಮೊದಲೇ ಒಂದು ಹನಿ ಕೆಸರನ್ನು ನೋಡಿ, ಒಳಗೆ ಎಣ್ಣೆಯ ಹನಿಗಳು ತುಂಬಿರುವ ಬೀಜಕಗಳನ್ನು ಬೇರೆಯಾಗಿ ಗುರುತು ಹಾಕಿಕೊಳ್ಳಿ.