ಹೆಡ್‌ಲ್ಯಾಂಪ್‌ಗೆ 1000 ಲ್ಯೂಮೆನ್ ಬೇಕಾ?

ಚಾರಣಕ್ಕೂ, ಕರೆಂಟ್ ಹೋದಾಗ ಮನೆಗೂ ಆಗುವಂಥ ಹಗುರ ಹೆಡ್‌ಲ್ಯಾಂಪ್ (ತಲೆಗೆ ಕಟ್ಟಿಕೊಳ್ಳುವ ದೀಪ) ಬೇಕು, 1000 ಲ್ಯೂಮೆನ್‌ದು (ಲ್ಯೂಮೆನ್ ಅಂದರೆ ದೀಪ ಕೊಡುವ ಬೆಳಕಿನ ಅಳತೆ) ತಗೊಳ್ಳಲಾ ಅಂತ ಕೇಳಿದ್ದೀರಿ. ಬೇಡ. ಸಣ್ಣ ದೀಪದಲ್ಲಿ ಅಷ್ಟು ಬೆಳಕು ಜಾಸ್ತಿ ಹೊತ್ತು ನಿಲ್ಲುವುದಿಲ್ಲ, ಬಿಸಿಯಾಗುತ್ತಿದ್ದಂತೆ ತಾನಾಗಿಯೇ ಮಂಕಾಗುತ್ತದೆ. ನಡೆಯುವುದಕ್ಕೆ 200–300 ಲ್ಯೂಮೆನ್ ಧಾರಾಳ ಸಾಕು.

ನಾನು ಮೊದಲು ನೋಡುವುದು ಅತಿ ಕಡಿಮೆ ಬೆಳಕು ಎಷ್ಟು ಅಂತ. ಸಿಂಕ್ ಕೆಳಗೆ ತಲೆ ತೂರಿಸಿ ನಟ್ಟು ಬಿಗಿ ಮಾಡುವಾಗ ಬಿಳಿ ಪೈಪಿಗೆ ಬಡಿದ ಬೆಳಕು ವಾಪಸ್ ಕಣ್ಣಿಗೇ ಹೊಡೆಯುತ್ತದೆ. ಅಲ್ಲಿ 5–10 ಲ್ಯೂಮೆನ್ ಇದ್ದರೆ ಹಾಯಾಗಿರುತ್ತದೆ. ಅಂಥ ಕೆಲಸಕ್ಕೆ ಹರಡಿದ ಬೆಳಕು, ಕಾಡುದಾರಿಗೆ ದೂರ ಬೀಳುವ ಬೆಳಕು. ಎರಡೂ ಇರುವುದು ತಗೊಳ್ಳಿ.

ತೂಕ ಬ್ಯಾಟರಿ ಸೇರಿ 100 ಗ್ರಾಂ ಒಳಗಿರಲಿ. ಡಬ್ಬದ ಮೇಲೆ ಬರೆದ ಗಂಟೆಗಳನ್ನು ಸುಮ್ನೆ ನಂಬಬೇಡಿ. ಎಎನ್‌ಎಸ್‌ಐ ಎಫ್‌ಎಲ್‌1 (ಟಾರ್ಚು, ಹೆಡ್‌ಲ್ಯಾಂಪ್‌ಗಳನ್ನು ಅಳೆಯುವ ಮಾನದಂಡ) ಲೆಕ್ಕದಲ್ಲಿ, ಬೆಳಕು ಶುರುವಿನ ಶೇ. 10ಕ್ಕೆ ಇಳಿಯುವವರೆಗಿನ ಹೊತ್ತೆಲ್ಲ ಅದರಲ್ಲಿ ಸೇರಿರುತ್ತದೆ! ಮಳೆಗೆ ಐಪಿಎಕ್ಸ್‌4 (ಯಾವ ಕಡೆಯಿಂದ ನೀರು ಸಿಡಿದರೂ ತಡೆಯುವ ಮಟ್ಟ) ಸಾಕು. ಚೀಲದಲ್ಲಿ ಸ್ವಿಚ್ ಒತ್ತಿಕೊಂಡು ಚಾರ್ಜ್ ಖಾಲಿಯಾಗದಂತೆ ಲಾಕ್ ಇದೆಯಾ ನೋಡಿ. ಯುಎಸ್‌ಬಿ ಚಾರ್ಜಿಂಗ್ ಜೊತೆ ಎಎಎ ಸೆಲ್ಲೂ ಹಾಕಬಹುದಾದದ್ದು ಸಿಕ್ಕರೆ ನನ್ನ ಓಟು ಅದಕ್ಕೇ. ಆದರೆ ಆಲ್ಕಲೈನ್ ಸೆಲ್ ಒಳಗೇ ಬಿಟ್ಟು ತಿಂಗಳುಗಟ್ಟಲೆ ಮೂಲೆಗಿಡಬೇಡಿ, ಸೋರಿದರೆ ಸ್ಪ್ರಿಂಗ್ ತಿಂದುಹಾಕುತ್ತದೆ.