ಕ್ಯಾಮೆರಾ ಹೊಸತು, ಊರು ಸಣ್ಣದು. ಕಟ್ಟಡ, ಪೇಟೆ, ಮುಖ: ಯಾವುದರಿಂದ ಶುರು ಮಾಡಲಿ?

ನೀವು ಕೇಳಿದ್ದರಲ್ಲಿ ಎರಡು ಪ್ರಶ್ನೆಗಳಿವೆ. ಕಟ್ಟಡ, ಪೇಟೆಯ ನೋಟ, ಮನುಷ್ಯರ ಮುಖ, ಈ ಮೂರರಲ್ಲಿ ಯಾವುದು ಮೊದಲು ಅನ್ನುವುದು ಒಂದು. ಸಣ್ಣ ಊರಲ್ಲಿ ಇದ್ದುಕೊಂಡೇ ಕಲಿಯಬಹುದಾ, ಹಂಪಿ, ಬೇಲೂರು ಅಂತ ತಿರುಗಬೇಕಾ ಅನ್ನುವುದು ಇನ್ನೊಂದು. ನಾನು ಕಾಸರಗೋಡಿನವನು. ಹೊಟ್ಟೆಪಾಡಿಗೆ ಬೇರೆ ಕೆಲಸ ಇದೆ, ಫೋಟೋ ಭಾನುವಾರದ ಹುಚ್ಚು. ಹಳೇ ನಿಕಾನ್ ಡಿ3200, ಅದರ ಜೊತೆಗೇ ಬಂದ 18-55 ಲೆನ್ಸ್, ಅಷ್ಟೇ ಬಂಡವಾಳ. ನನ್ನನ್ನು ಕೇಳಿದರೆ ಕಟ್ಟಡದಿಂದ ಶುರು ಮಾಡಿ. ಅದೂ ಬಸ್ಸಿನಲ್ಲಿ ಹೋಗಿ ಊಟದ ಹೊತ್ತಿಗೆ ವಾಪಸ್ ಬರುವಷ್ಟು ಹತ್ತಿರದ ಒಂದೇ ಕಟ್ಟಡ ಸಾಕು.

ನನಗೆ ಸಿಕ್ಕಿದ್ದು ಬೇಕಲ ಕೋಟೆ. ಮೊದಲ ಸಲ ಹೋದದ್ದು ಏಪ್ರಿಲ್ ತಿಂಗಳ ನಡು ಮಧ್ಯಾಹ್ನ. ಕಾವಲು ಬುರುಜಿನ ಬುಡದಲ್ಲಿ ನಿಂತು, ಕ್ಯಾಮೆರಾ ಮೇಲಕ್ಕೆತ್ತಿ, ಎಪ್ಪತ್ತೋ ಎಂಬತ್ತೋ ಫೋಟೋ ಹೊಡೆದೆ. ಮನೆಗೆ ಬಂದು ಗೆಳೆಯನಿಗೆ ತೋರಿಸಿದೆ. ಅವನು ಪರದೆ ನೋಡಿ ಹೇಳಿದ್ದು ಇಷ್ಟೇ: "ಶಿವಪ್ಪ ನಾಯಕ 1650ರಲ್ಲಿ ಈ ಕೋಟೆಯನ್ನು ನೆಟ್ಟಗೇ ಕಟ್ಟಿಸಿದ್ದಲ್ವಾ? ನೀನು ಎಂತ ಮಾಡಿದ್ದು ಮಾರಾಯ?"

ಬುರುಜು ಹಿಂದಕ್ಕೆ ಬೀಳುವ ಹಾಗೆ ಕಾಣುತ್ತಿತ್ತು. ಕಾರಣ ಸರಳ. ಕ್ಯಾಮೆರಾ ಗೋಡೆಗೆ ಸಮನಾಗಿ ನೆಟ್ಟಗಿದ್ದರೆ ಗೋಡೆಯ ಗೆರೆಗಳೂ ನೆಟ್ಟಗಿರುತ್ತವೆ. ಮೇಲಕ್ಕೆ ಎತ್ತಿದಿರೋ, ಗೆರೆಗಳು ಮೇಲೆ ಹೋದಂತೆ ಒಂದಕ್ಕೊಂದು ಹತ್ತಿರ ಬರುತ್ತವೆ. ಇದಕ್ಕೆ ದುಬಾರಿ ಲೆನ್ಸ್‌ಗಳಿವೆ, ಕಂಪ್ಯೂಟರಿನಲ್ಲೂ ಸರಿ ಮಾಡಬಹುದು. ಬೇಕಲದಲ್ಲಿ ಎರಡೂ ಬೇಡ. 40 ಎಕರೆ ಜಾಗ ಇದೆ, ಹಿಂದೆ ಹೋಗಿ. ಇಲ್ಲವೇ ಎದುರಿನ ಕೋಟೆಗೋಡೆ ಹತ್ತಿ, ಬುರುಜಿನ ಅರ್ಧ ಎತ್ತರಕ್ಕೆ ಬನ್ನಿ. ಇಷ್ಟನ್ನು ಕಂಡುಕೊಳ್ಳಲು ನನಗೆ ಮೂರು ಭಾನುವಾರ ಹಿಡಿಯಿತು. ಕಟ್ಟಡ ಮೊದಲು ಅಂತ ನಾನು ಹೇಳುವುದು ಇದಕ್ಕೇ. ಅದು ಅಲ್ಲಾಡುವುದಿಲ್ಲ, ಕಣ್ಣು ಮಿಟುಕಿಸುವುದಿಲ್ಲ. ಫೋಟೋ ಕೆಟ್ಟರೆ ತಪ್ಪು ನಿಮ್ಮದೇ, ಮುಂದಿನ ವಾರ ಅದೇ ಜಾಗದಲ್ಲಿ ನಿಂತು ತಿದ್ದಿಕೊಳ್ಳಬಹುದು.

ಆ ಕೋಟೆಗೆ ಹನ್ನೊಂದು ಸಲ ಹೋಗಿದ್ದೇನೆ. ಕಲ್ಲು ಒಂದೇ, ಆದರೆ ಬಣ್ಣ ಒಂದೊಂದು ಸಲ ಒಂದೊಂದು. ಮುರಕಲ್ಲು, ಅಂದರೆ ಜಂಬಿಟ್ಟಿಗೆ ಕಲ್ಲು, ಮೈಯೆಲ್ಲ ತೂತು. ಬಿಸಿಲು ಎದುರಿನಿಂದ ಬಿದ್ದರೆ ಗೋಡೆ ಚಪ್ಪಟೆ. ಓರೆಯಾಗಿ ಬಿದ್ದರೆ ಒಂದೊಂದು ತೂತಿನಲ್ಲೂ ನೆರಳು ನಿಂತು, ಕೈಯಾಡಿಸಿದರೆ ತರಿತರಿ ಅನಿಸುವ ಹಾಗೆ ಬರುತ್ತದೆ. ಜೂನ್‌ನಲ್ಲಿ ಮಳೆ ಬಿಟ್ಟ ಅರ್ಧ ಗಂಟೆ ಎಲ್ಲಕ್ಕಿಂತ ಚಂದ. ಒಣಗಿದಾಗ ಬೂದು ಹೊಡೆಯುವ ಕಲ್ಲು ನೆನೆದರೆ ಗಾಢ ಕೆಂಪಾಗುತ್ತದೆ, ಸಂದಿಗಳ ಪಾಚಿ ಹಸಿರು ಎದ್ದು ಕಾಣುತ್ತದೆ. ಒದ್ದೆ ಕಲ್ಲಿನ ಹೊಳಪು ಮಾತ್ರ ಬಣ್ಣವನ್ನು ತಿಂದುಬಿಡುತ್ತದೆ. ಪೋಲರೈಸರ್ ಫಿಲ್ಟರ್ ಹಾಕಿ ನಿಧಾನ ತಿರುಗಿಸುತ್ತಾ ಹೋಗಿ, ಹೊಳಪು ಕರಗುವುದು ಕಣ್ಣಿಗೇ ಕಾಣುತ್ತದೆ. ಬೆಳಕು ಸ್ವಲ್ಪ ಕಮ್ಮಿಯಾಗುತ್ತದೆ, ಕೈ ನಡುಗದಂತೆ ನೋಡಿಕೊಳ್ಳಿ. ಟ್ರೈಪಾಡ್ ಹೊತ್ತುಕೊಂಡು ಹೋಗಬೇಡಿ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಅದಕ್ಕೆ ಮೊದಲೇ ಅನುಮತಿ ಬೇಕು. ನಾನು ಗೊತ್ತಿಲ್ಲದೆ ಒಯ್ದು, ಮೂರು ಗಂಟೆ ಹೆಗಲ ಮೇಲೆ ಹೊತ್ತು ತಿರುಗಿದ್ದೇನೆ.

ಕೋಟೆಯ ಗೋಡೆಗಳಲ್ಲಿ ತೋಪು, ಕೋವಿ ಗುರಿ ಇಡಲು ಬಿಟ್ಟ ಕಿಂಡಿಗಳಿವೆ. ಎಲ್ಲರೂ ಕಿಂಡಿಯ ಮೂಲಕ ಸಮುದ್ರ ತೆಗೆಯುತ್ತಾರೆ, ನೀವೂ ತೆಗೆಯುತ್ತೀರಿ. ತಪ್ಪಿಲ್ಲ. ಬೆಳಕನ್ನು ಸಮುದ್ರಕ್ಕೆ ಅಳೆಯಿರಿ, ಕಿಂಡಿ ಕಪ್ಪಾಗಲಿ ಬಿಡಿ.

ಮಧೂರು ದೇವಸ್ಥಾನದ ಆನೆಬೆನ್ನಿನ ಆಕಾರದ ಮೂರು ನೆಲೆಯ ಮಾಡು ಸಂಜೆ ಬೆಳಕಿಗೆ ಚೆನ್ನಾಗಿ ಬರುತ್ತದೆ, ಹೊರಗಿನಿಂದ ಮಾತ್ರ. ಅನಂತಪುರದ ಕೆರೆ ದೇವಸ್ಥಾನಕ್ಕೂ ಹೋಗಿ. ನಾನು ತೆಗೆದ ಫೋಟೋಗಳಲ್ಲಿ ಅತಿ ಜಾಸ್ತಿ ಜನ ಕೇಳಿ ಪಡೆದದ್ದು ಅಲ್ಲಿನ ಬಬಿಯಾ ಮೊಸಳೆಯದು. ಫೋಟೋದಲ್ಲಿ ಇರುವುದು ಎರಡು ಕಣ್ಣು, ಮೂಗಿನ ತುದಿ, ಉಳಿದದ್ದೆಲ್ಲ ಹಸಿರು ನೀರು. ಫೋಕಸ್ಸೂ ಸರಿ ಇಲ್ಲ. 2022ರ ಅಕ್ಟೋಬರ್‌ನಲ್ಲಿ ಅದು ತೀರಿಕೊಂಡ ಮೇಲೆ ಆ ಮಸುಕು ಫೋಟೋಗೆ ಬಂದ ಬೆಲೆ ನನ್ನ ಯಾವ ಕೋಟೆಗೂ ಬರಲಿಲ್ಲ.

ಪೇಟೆಯ ನೋಟಕ್ಕೆ ಎತ್ತರ ಬೇಕು. ನಮ್ಮಲ್ಲಿ ಅದಕ್ಕೆ ಚಂದ್ರಗಿರಿ ಕೋಟೆ ಇದೆ. ಕೆಳಗೆ ಹೊಳೆ, ರೈಲು ಸೇತುವೆ, ತೆಂಗಿನ ತೋಟ, ಅದರಾಚೆ ಸಮುದ್ರ. ಇಲ್ಲಿ ಗಡಿಬಿಡಿ ಜಾಸ್ತಿ. ಸೂರ್ಯ ಮುಳುಗಿದ ಮೇಲೆ ಆಕಾಶ ನೀಲಿಯಾಗಿ, ದೀಪಗಳೂ ಹೊತ್ತಿಕೊಂಡು, ಎರಡೂ ಹದವಾಗಿ ಸೇರುವ ಹೊತ್ತು ನಮ್ಮ ಕಡೆ ಇಪ್ಪತ್ತು ಇಪ್ಪತ್ತೈದು ನಿಮಿಷ ಅಷ್ಟೇ. ಚಹಾ ಕುಡಿದು ಬರುತ್ತೇನೆ ಅಂತ ಹೋದರೆ ಕತ್ತಲೆ. ಪೇಟೆಯೊಳಗೆ ಅಂಗಡಿ ಬೆಳಕಿನಲ್ಲಿ ತೆಗೆಯುವುದಾದರೆ ಶಟರ್ ವೇಗವನ್ನು ಸೆಕೆಂಡಿನ ಐವತ್ತರಲ್ಲೊಂದು ಪಾಲಿಗೋ ನೂರರಲ್ಲೊಂದು ಪಾಲಿಗೋ ಇಡಿ. ನಮ್ಮ ಕರೆಂಟು 50 ಹರ್ಟ್ಸ್, ಎಷ್ಟೋ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರ್ ಅದಕ್ಕಿಂತ ಚುರುಕಾದರೆ ಫೋಟೋದಲ್ಲಿ ಪಟ್ಟೆ ಪಟ್ಟೆ ಬರಬಹುದು. ಮಲಯಾಳ, ಕನ್ನಡ, ಇಂಗ್ಲಿಷ್ ಮೂರೂ ಒಂದೇ ಬೋರ್ಡಿನಲ್ಲಿ ಇರುವ ಹಳೇ ಅಂಗಡಿಗಳನ್ನು ನಾನು ಸುಮ್ನೆ ಹಾದಿಯಲ್ಲಿ ಹೋಗ್ತಾ ತೆಗೆದಿಟ್ಟಿದ್ದೆ. ಹೈವೇ ಆರು ಪಥ ಆಗುವಾಗ ರಸ್ತೆ ಬದಿಯ ಹಂಚಿನ ಅಂಗಡಿಗಳು ಹೋದವು. ಕಲೆ ಅಂತ ನೋಡಿದರೆ ಅವುಗಳಲ್ಲಿ ಏನಿಲ್ಲ. ಆದರೆ ಆ ಅಂಗಡಿಯವರ ಮಕ್ಕಳು ಈಗ ಹುಡುಕಿಕೊಂಡು ಬಂದು ಕೇಳುತ್ತಾರೆ.

ಮುಖ ಕೊನೆಗೆ. ಇದರಲ್ಲಿ ನಾನು ಕೆಟ್ಟದಾಗಿ ಎಡವಿದ್ದೇನೆ. ಕುಂಬಳೆ ಕಡೆ ಒಂದು ಯಕ್ಷಗಾನದ ರಾತ್ರಿ. ಪರಿಚಯದ ಭಾಗವತರು ಚೌಕಿಯೊಳಗೆ, ಅಂದರೆ ವೇಷ ಕಟ್ಟುವ ಜಾಗಕ್ಕೆ, ಕರೆದುಕೊಂಡು ಹೋದರು. ಬಣ್ಣದ ವೇಷದ ಕಲಾವಿದರೊಬ್ಬರು ಕೈಗನ್ನಡಿ ಹಿಡಿದು ಚುಟ್ಟಿ ಇಡುತ್ತಿದ್ದರು. ಅಕ್ಕಿಹಿಟ್ಟು, ಸುಣ್ಣದ ಹದ. ಕಡ್ಡಿಯ ತುದಿಯಲ್ಲಿ ಚೂರು ಚೂರೇ ತೆಗೆದು ಮುಖದ ಮೇಲೆ ಮುಳ್ಳುಮುಳ್ಳಾಗಿ ನಿಲ್ಲಿಸಬೇಕು, ಗಂಟೆಗಟ್ಟಲೆ ಕೆಲಸ. ನಾನು ಆಟೋ ಮೋಡ್‌ನಲ್ಲಿ ಇಟ್ಟಿದ್ದ ಕ್ಯಾಮೆರಾ, ಕತ್ತಲೆ ಅಂತ ತಾನೇ ಫ್ಲ್ಯಾಶ್ ಎಬ್ಬಿಸಿ ಫಳ್ ಅಂತ ಹೊಡೆಯಿತು. ಅವರ ಕೈ ನಿಂತಿತು. ಬೈಯಲಿಲ್ಲ. ಕನ್ನಡಿಯಲ್ಲೇ ನನ್ನನ್ನು ನೋಡಿ, ಕಣ್ಣಿನ ಕತ್ತಲೆ ಹೋಗುವ ತನಕ ಕಾದು, ಜರುಗಿದ್ದ ಒಂದು ಸಾಲನ್ನು ಒರೆಸಿ ಮತ್ತೆ ಶುರು ಮಾಡಿದರು. ನಾನು ಕ್ಯಾಮೆರಾ ಚೀಲಕ್ಕೆ ಹಾಕಿ ಆಟ ನೋಡಿ ಬಂದೆ. ನಿಮ್ಮ ಕ್ಯಾಮೆರಾದ ಫ್ಲ್ಯಾಶ್ ಆಫ್ ಮಾಡುವುದು ಹೇಗೆ ಅಂತ ಇವತ್ತೇ ನೋಡಿಟ್ಟುಕೊಳ್ಳಿ. ದೈವದ ಕೋಲಕ್ಕೆ ಹೋದರೂ ಅಷ್ಟೇ. ಮೊದಲು ಮನೆಯವರನ್ನು ಕೇಳಿ, ಬೇಡ ಅಂದರೆ ಬೇಡ.

ಆಮೇಲೆ ಮುಖ ತೆಗೆಯುವ ಆಸೆಗೆ ಸೆಕೆಂಡ್ ಹ್ಯಾಂಡ್ 50 ಎಂಎಂ ಲೆನ್ಸ್ ಕೊಂಡೆ, 1.8 ಡಿ. ಅಗ್ಗಕ್ಕೆ ಸಿಕ್ಕಿತು. ಯಾಕೆ ಅಗ್ಗ ಅಂತ ಹಾಕಿದ ಮೇಲೆ ಗೊತ್ತಾಯಿತು. ಕ್ಯಾಮೆರಾ 'ಎಫ್ ಇ ಇ' ಅಂತ ತೋರಿಸಿ, ಕ್ಲಿಕ್ಕೇ ಮಾಡಲು ಬಿಡಲಿಲ್ಲ. ಇನ್ನೂ ಯಾರಿಗೆ ಫೀ ಕೊಡಬೇಕಪ್ಪಾ ಅಂದುಕೊಂಡೆ. ಲೆನ್ಸಿನ ಅಪರ್ಚರ್ ಬಳೆಯನ್ನು, ಅಂದರೆ ಬೆಳಕು ಬರುವ ತೂತಿನ ಅಳತೆ ಬದಲಿಸುವ ಬಳೆಯನ್ನು, 22ಕ್ಕೆ ತಿರುಗಿಸಿ ಲಾಕ್ ಮಾಡಬೇಕಂತೆ. ಆಮೇಲೆ ಅಪರ್ಚರ್ ಬದಲಿಸುವುದು ಕ್ಯಾಮೆರಾದಲ್ಲೇ. ಅದು ಸರಿಹೋದರೆ ಆಟೋಫೋಕಸ್ ಇಲ್ಲ. ಆ ಲೆನ್ಸಿನೊಳಗೆ ಮೋಟಾರ್ ಇಲ್ಲ, ನನ್ನ ಕ್ಯಾಮೆರಾದೊಳಗೂ ಇಲ್ಲ. ಇಂಥ ಕ್ಯಾಮೆರಾ ಇದ್ದರೆ 50 ಎಂಎಂ ಕೊಳ್ಳುವಾಗ 1.8 'ಡಿ' ಬಿಟ್ಟು, ಒಳಗೇ ಮೋಟಾರ್ ಇರುವ 1.8 'ಜಿ' ಕೇಳಿ.

ವಾಪಸ್ ಕೊಡುವ ಹಾಗಿರಲಿಲ್ಲ, ಕೈಯಲ್ಲೇ ಫೋಕಸ್ ಕಲಿತೆ. ಮೊದಲು ಸಿಕ್ಕಿದ್ದು ದೊಡ್ಡಮ್ಮ. ಜಗಲಿಯ ಬಾಗಿಲಿಂದ ಮೂರಡಿ ಒಳಗೆ ಕೂತು ಅಡಿಕೆ ಸುಲಿಯುತ್ತಿದ್ದರು. ಬೆಳಕು ಒಂದೇ ಮಗ್ಗುಲಿಂದ, ಹಿಂದೆ ಕತ್ತಲೆ ಕೋಣೆ. ಸ್ಟುಡಿಯೋದವರು ದುಡ್ಡು ಕೊಟ್ಟು ಮಾಡಿಸುವುದು ಇದನ್ನೇ. "ನನ್ನ ಪಟ ಎಂತಕ್ಕೆ ಮಾರಾಯ, ತಲೆ ಸಹ ಬಾಚಿಲ್ಲ" ಅಂದರು. ಹೂಂ ಅಂದು ಕೂತೆ. ಅಪರ್ಚರ್ 1.8ರಲ್ಲಿ ತೆಗೆದರೆ ಒಂದು ಕಣ್ಣು ಸ್ಪಷ್ಟ, ಇನ್ನೊಂದು ಮಸುಕು. 2.8ಕ್ಕೆ ತಂದೆ. ಫೋಕಸ್ ಬಳೆ ತಿರುಗಿಸುತ್ತಾ, ಕ್ಯಾಮೆರಾದಲ್ಲಿ ಕಣ್ಣಿಟ್ಟು ನೋಡುವ ಕಿಂಡಿಯೊಳಗೆ ಫೋಕಸ್ ಸರಿಯಾಯಿತು ಅಂತ ತೋರಿಸುವ ಹಸಿರು ಚುಕ್ಕಿ ಬರುವುದನ್ನು ಕಾಯಬೇಕು, ಅಷ್ಟರಲ್ಲಿ ಅವರು ತಲೆ ಅಲ್ಲಾಡಿಸಿರುತ್ತಾರೆ. ಇಪ್ಪತ್ತು ನಿಮಿಷ ಕಳೆದ ಮೇಲೆ ಅವರು ನಾನಿರುವುದನ್ನೇ ಮರೆತರು. ಕತ್ತಿಗೆ ಅಡಿಕೆ ಒತ್ತುವಾಗ ಕೆಳತುಟಿ ಕಚ್ಚುವುದು ಅವರ ಅಭ್ಯಾಸ ಅಂತ ನನಗೆ ಅವತ್ತೇ ಗೊತ್ತಾದದ್ದು. ಫೋಟೋ ಸಿಕ್ಕಿತು. ತೋರಿಸಿದರೆ ಮುಖ ನೋಡಲೇ ಇಲ್ಲ, "ಬೆರಳು ಇಷ್ಟು ಕಪ್ಪಾಗಿದೆಯಾ" ಅಂದರು.

ಇನ್ನೊಂದು, ನೀವು ಕೇಳದೇ ಇದ್ದದ್ದು. ನಿಮ್ಮದು ಕರಾವಳಿಯಾದರೆ ಲೆನ್ಸನ್ನು ಚೀಲದೊಳಗೆ, ಚೀಲವನ್ನು ಕಪಾಟಿನೊಳಗೆ ಇಟ್ಟು ಮಳೆಗಾಲ ಕಳೆಯಬೇಡಿ. ಜುಲೈ-ಆಗಸ್ಟ್‌ನ ಆಟಿ ತಿಂಗಳು ಮುಗಿದು ತೆಗೆದಾಗ ನನ್ನ 18-55ರ ಗಾಜಿನೊಳಗೆ ಜೇಡರ ಬಲೆಯಂಥ ಬೂಸು ಹಬ್ಬಿತ್ತು. ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ಅಷ್ಟು ಸಾಕು. ಪೊಟ್ಟಣ ಆಗಾಗ ಬದಲಿಸುತ್ತಿರಿ. ಡಬ್ಬಿಯನ್ನು ಮೇ ತಿಂಗಳಲ್ಲೇ ತಂದಿಡಿ.