ಹೀರೋ ಪಕ್ಕಕ್ಕೆ ಸರಿದರೂ ನಡೆಯುವ ಸಿನಿಮಾಗಳು

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಮನೆಮಾತು ಕನ್ನಡ, ಬೆಳೆದದ್ದು ಪುಣೆಯಲ್ಲಿ. ಇಲ್ಲಿಯವರೆಗೆ ನೋಡಿದ ಕನ್ನಡ ಸಿನಿಮಾ ಅಂದರೆ ‘ಕೆಜಿಎಫ್’ ಮತ್ತು ‘ಕಾಂತಾರ’ ಅಷ್ಟೇ. ಹಳೆಯದು, ಹೊಸದು, ಪುರಾಣ, ಹಾಸ್ಯ, ಥ್ರಿಲ್ಲರ್ ಎಲ್ಲದರಿಂದಲೂ ನಮಗೆ ಇಷ್ಟವಾದದ್ದನ್ನು ಹೇಳಿ, ಯಾಕೆ ಇಷ್ಟ ಅಂತಲೂ ಬರೆಯಿರಿ ಎಂದಿದ್ದೀರಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನನ್ನ ಪಟ್ಟಿಯಲ್ಲಿ ‘ಬಂಗಾರದ ಮನುಷ್ಯ’ ಇಲ್ಲ, ‘ಓಂ’ ಇಲ್ಲ. ಅವು ಚೆನ್ನಾಗಿಲ್ಲ ಅಂತಲ್ಲ. ಯಾರನ್ನು ಕೇಳಿದರೂ ಅವೆರಡನ್ನು ಹೇಳಿಯೇ ಹೇಳುತ್ತಾರೆ, ಅದಕ್ಕೆ ನಾನು ಬೇಕಾಗಿಲ್ಲ. ನಾನು ಮತ್ತೆ ಮತ್ತೆ ನೋಡುವ ಸಿನಿಮಾಗಳೇ ಬೇರೆ. ಹೀರೋ ಸ್ವಲ್ಪ ಹೊತ್ತು ಕಾಣದೇ ಹೋದರೂ ಅಲ್ಲಿ ಬದುಕು ನಡೆಯುತ್ತಲೇ ಇರಬೇಕು. ಹಿಂದೆ ನಿಂತವರಿಗೂ ಅವರದೇ ಹೊಟ್ಟೆಪಾಡು, ಆಸೆ, ಹೊಟ್ಟೆಕಿಚ್ಚು ಇರಬೇಕು. ‘ಕೆಜಿಎಫ್’ನಲ್ಲಿ ನನಗೆ ಸಿಗದೇ ಹೋದದ್ದು ಇದೇ. ಅಲ್ಲಿ ಎಲ್ಲರೂ ಒಬ್ಬನ ಬಗ್ಗೆ ಮಾತಾಡುವುದಕ್ಕೇ ಹುಟ್ಟಿದವರು.

ಈ ಲೆಕ್ಕದಲ್ಲಿ ನನ್ನ ಮೊದಲ ಆಯ್ಕೆ ‘ಭೂತಯ್ಯನ ಮಗ ಅಯ್ಯು’, 1974. ಗೊರೂರು ರಾಮಸ್ವಾಮಿ ಅಯ್ಯಂಗಾರರ ಕಥೆ, ಸಿದ್ದಲಿಂಗಯ್ಯನವರ ನಿರ್ದೇಶನ. ಭೂತಯ್ಯ ಅಂದರೆ ಊರಿನ ಸಾಹುಕಾರ. ಸಾಲ ಕೊಡುವುದು, ಜಮೀನು ನುಂಗುವುದು, ಇದೇ ಅವನ ಕಸುಬು. ಎಂ.ಪಿ. ಶಂಕರ್ ಈ ಪಾತ್ರದಲ್ಲಿ ಬಂದು ನಿಂತರೆ ನೋಡುವವರಿಗೇ ಹೆದರಿಕೆ ಆಗುತ್ತದೆ. ತಮಾಷೆ ಏನೆಂದರೆ, ಭೂತಯ್ಯ ಬೇಗ ಸತ್ತು ಹೋಗುತ್ತಾನೆ. ಅವನು ಸತ್ತಿದ್ದಕ್ಕೆ ಊರು ಅಳುವುದಿಲ್ಲ. ಆಮೇಲೆ ಉಳಿಯುವುದು ಅವನು ಬಿಟ್ಟುಹೋದ ದ್ವೇಷ. ಅದನ್ನು ಹೊರಬೇಕಾದವನು ಮಗ ಅಯ್ಯು. ಅವನ ಎದುರಿಗೆ ಗುಳ್ಳ. ಇಬ್ಬರೂ ಹಟಕ್ಕೆ ಬಿದ್ದು ಕೋರ್ಟು ಕಚೇರಿ ಅಲೆದು ಮನೆ ಹಾಳು ಮಾಡಿಕೊಳ್ಳುತ್ತಾರೆ. ವ್ಯಾಜ್ಯದಿಂದ ಬರಿಗೈಯಾದ ಮನೆ ನಿಮ್ಮ ನೆಂಟರಲ್ಲೂ ಒಂದಿರುತ್ತದೆ, ಅಲ್ವಾ?

ಗುಳ್ಳನಾಗಿ ವಿಷ್ಣುವರ್ಧನ್. ಅದಕ್ಕೆ ಎರಡು ವರ್ಷ ಮುಂಚೆ ‘ನಾಗರಹಾವು’ ಬಂದು ಆಗಲೇ ಹೆಸರಾಗಿದ್ದವರು. ಆದರೆ ಸಿನಿಮಾದ ಹೆಸರಿನಲ್ಲಿರುವ ಪಾತ್ರ ಲೋಕೇಶ್ ಅವರದು. ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನ’ದಲ್ಲಿ (1934) ಹೀರೋ ಆಗಿದ್ದ ಸುಬ್ಬಯ್ಯ ನಾಯ್ಡು ಅವರ ಮಗ ಇವರು. ಅಯ್ಯು ಕೆಟ್ಟವನೂ ಅಲ್ಲ, ಒಳ್ಳೆಯವನೂ ಅಲ್ಲ. ಅಪ್ಪನ ಹಾಗೆ ಆಗಬೇಕೋ ಬೇಡವೋ ಗೊತ್ತಾಗದೆ ಒದ್ದಾಡುವವನು. ಇದನ್ನೆಲ್ಲ ಲೋಕೇಶ್ ಹೆಚ್ಚು ಮಾತಿಲ್ಲದೆ, ಮುಖ ಗಂಟಿಕ್ಕಿಕೊಂಡೇ ಮಾಡಿಬಿಡುತ್ತಾರೆ.

ಇಷ್ಟೆಲ್ಲ ಇದ್ದರೂ ಜನ ಇವತ್ತಿಗೂ ನೆನೆಸಿಕೊಳ್ಳುವುದು ಲೋಕನಾಥ್ ಅವರ ಉಪ್ಪಿನಕಾಯಿ ದೃಶ್ಯವನ್ನು. ಊರಿನ ಸಾಮಾನ್ಯ ಮನುಷ್ಯ. ಅವನಿಗೆ ಸಾಹುಕಾರರ ಹಣ ಬೇಡ, ಬಂಗಾರ ಬೇಡ. ಅವರ ಮನೆ ಉಪ್ಪಿನಕಾಯಿ ಬೇಕು. ಕದ್ದಾದರೂ ಸರಿ, ತಿನ್ನಬೇಕು. ಅವರು ಚಪ್ಪರಿಸುವುದನ್ನು ನೋಡಿದರೆ ನಮ್ಮ ಬಾಯಲ್ಲೂ ನೀರು. ನಗು ಬರುತ್ತದೆ. ಸ್ವಲ್ಪ ಹೊತ್ತಾದ ಮೇಲೆ ಹೊಳೆಯುತ್ತದೆ, ಆ ಊರಲ್ಲಿ ಒಂದು ಹೋಳು ಉಪ್ಪಿನಕಾಯಿಯೂ ಸಾಹುಕಾರನ ಸೊತ್ತೇ ಅಂತ. ಕೊನೆಯಲ್ಲಿ ಬರುವ ನೆರೆ ಹಾವಳಿಯ ಭಾಗ ಈಗಿನವರಿಗೆ ಉದ್ದವಾಯಿತು ಅನ್ನಿಸಬಹುದು. ಕಂಪ್ಯೂಟರ್ ಗ್ರಾಫಿಕ್ಸ್ ಇಲ್ಲದ ಕಾಲದಲ್ಲಿ ನಿಜವಾದ ನೀರಿಗೆ ಇಳಿದು ತೆಗೆದದ್ದು ಎಂದು ನೆನಪಿಟ್ಟುಕೊಂಡು ನೋಡಿ.

ಎಂ.ಪಿ. ಶಂಕರ್ ಹೆಸರು ಬಂತಲ್ಲ, ಅವರಿಂದಲೇ ಇನ್ನೊಂದು ಕಾಲಕ್ಕೆ ಹೋಗೋಣ. ಪೌರಾಣಿಕ ಬೇಕು ಅಂದರೆ ‘ಸತ್ಯ ಹರಿಶ್ಚಂದ್ರ’, 1965, ಹುಣಸೂರು ಕೃಷ್ಣಮೂರ್ತಿ ನಿರ್ದೇಶನ. ಹರಿಶ್ಚಂದ್ರನಾಗಿ ರಾಜ್‌ಕುಮಾರ್, ಚಂದ್ರಮತಿಯಾಗಿ ಪಂಢರಿಬಾಯಿ. ಕಥೆ ನಿಮಗೆ ಗೊತ್ತಿರುವುದೇ. ರಾಜನನ್ನು ಕೊಂಡುಕೊಂಡು ಸುಡುಗಾಡು ಕಾಯಲು ಹಚ್ಚುವ ವೀರಬಾಹುವೇ ಎಂ.ಪಿ. ಶಂಕರ್. ಮೂಲತಃ ಮೈಸೂರಿನ ಕುಸ್ತಿ ಪೈಲ್ವಾನರು. ‘ಕುಲದಲ್ಲಿ ಕೀಳ್ಯಾವುದೋ’ ಹಾಡು ಬರುವುದು ಈ ಪಾತ್ರದ ಬಾಯಲ್ಲಿ, ಹಾಡಿದವರು ಘಂಟಸಾಲ. ರಾಜನ ಸತ್ಯವಂತಿಕೆಯ ಕಥೆಯೊಳಗೆ ಸ್ಮಶಾನದ ಒಡೆಯ ಎದ್ದು ಕುಣಿಯುತ್ತಾ ಜಾತಿಯನ್ನು ಪ್ರಶ್ನೆ ಮಾಡುತ್ತಾನೆ. ಅಷ್ಟು ಹೊತ್ತು ಹರಿಶ್ಚಂದ್ರನ ನೆನಪೂ ಬರುವುದಿಲ್ಲ. 2008ರಲ್ಲಿ ಈ ಸಿನಿಮಾಕ್ಕೆ ಬಣ್ಣ ಹಾಕಿ ಮತ್ತೆ ಬಿಡುಗಡೆ ಮಾಡಿದರು. ನನ್ನ ಮಾತು ಕೇಳಿ, ಕಪ್ಪು ಬಿಳುಪಿನದನ್ನೇ ಹುಡುಕಿ ನೋಡಿ.

‘ನಾಗರಹಾವು’ ನೋಡಿದರೆ ಹೀರೋ ರಾಮಾಚಾರಿಯನ್ನು ಬಿಟ್ಟು ಚಾಮಯ್ಯ ಮೇಷ್ಟ್ರ ಮನೆ ಕಡೆ ಗಮನ ಇಡಿ. ಅಶ್ವತ್ಥ್, ಲೀಲಾವತಿ. ಮಕ್ಕಳಿಲ್ಲದ ದಂಪತಿ ಊರಿಗೆಲ್ಲ ಬೇಡವಾದ ಹುಡುಗನನ್ನು ಹಚ್ಚಿಕೊಳ್ಳುವ ರೀತಿ ಹೇಗಿದೆ ನೋಡಿ.

ಇನ್ನು ನಿಮ್ಮೂರಿಗೆ ನಂಟಿರುವ ಸಿನಿಮಾ. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿತು ಬಂದ ಗಿರೀಶ್ ಕಾಸರವಳ್ಳಿ ಅವರ ಮೊದಲ ಕಥಾಚಿತ್ರ ‘ಘಟಶ್ರಾದ್ಧ’, 1977. ಕಥೆ ಯು.ಆರ್. ಅನಂತಮೂರ್ತಿ ಅವರದು. ದೇಶದ ಅತ್ಯುತ್ತಮ ಚಿತ್ರಕ್ಕೆ ಕೊಡುವ ಸ್ವರ್ಣಕಮಲ ಆ ವರ್ಷ ಇದಕ್ಕೇ ಬಂತು. ‘ಆರ್ಟ್ ಸಿನಿಮಾ’ ಅಂದರೆ ನಿದ್ದೆ ಬರುತ್ತದೆ ಅನ್ನುವವರಿಗೆ ನಾನು ಇದನ್ನೇ ತೋರಿಸುವುದು. ಮಲೆನಾಡಿನ ಅಗ್ರಹಾರ, ವೇದಪಾಠ ಹೇಳಿಕೊಡುವ ಉಡುಪರ ಮನೆ. ಅವರ ಮಗಳು ಯಮುನಾ ವಿಧವೆ. ಅವಳು ಬಸಿರಾಗುತ್ತಾಳೆ. ಇಷ್ಟನ್ನೂ ನಾವು ನೋಡುವುದು ಪಾಠಕ್ಕೆ ಬಂದಿರುವ ನಾಣಿ ಎಂಬ ಪುಟ್ಟ ಹುಡುಗನ ಕಣ್ಣಿನಿಂದ. ಮನೆ ನೆನಪಾಗಿ ಅಳುವ ವಯಸ್ಸು. ದೊಡ್ಡ ಹುಡುಗರು ಗೋಳು ಹೊಯ್ದುಕೊಂಡಾಗ ಅವನು ಹೋಗುವುದು ಯಮುನಕ್ಕನ ಹತ್ತಿರ. ಅವಳಿಗೆ ಏನಾಗಿದೆ ಅಂತ ಅವನಿಗೆ ಪೂರ್ತಿ ತಿಳಿಯುವುದಿಲ್ಲ, ಏನೋ ಆಗಿದೆ ಅಂತ ಗೊತ್ತು. ಸಾಯಲೆಂದು ಅವಳು ಹುತ್ತಕ್ಕೆ ಕೈ ಹಾಕುವಾಗಲೂ ಜೊತೆಗೆ ಅವನೇ. ದೊಡ್ಡವರ ಕಣ್ಣಿನಿಂದ ತೋರಿಸಿದ್ದರೆ ಇದೇ ಕಥೆ ಭಾಷಣ ಆಗಿಬಿಡುತ್ತಿತ್ತು. ಬದುಕಿರುವ ಮಗಳಿಗೆ ಅಪ್ಪನೇ ಶ್ರಾದ್ಧ ಮಾಡಿ ಗಡಿಗೆ ಒಡೆಯುವುದನ್ನು ಕಾಸರವಳ್ಳಿ ಒಂದಿಷ್ಟೂ ಕೂಗಾಡದೆ ತೋರಿಸುತ್ತಾರೆ. ಅದೇ ಜಾಸ್ತಿ ಸಂಕಟ. ಇದರ ಪ್ರತಿಯನ್ನು ಸರಿಪಡಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಆ ಪ್ರತಿ ಸಿಕ್ಕರೆ ಬಿಡಬೇಡಿ. ಎಸ್. ರಾಮಚಂದ್ರ ಅವರ ಕಪ್ಪು ಬಿಳುಪು ಛಾಯಾಗ್ರಹಣ ಯೂಟ್ಯೂಬಿನ ಮಸುಕು ಪ್ರಿಂಟಿನಲ್ಲಿ ನೋಡುವಂಥದ್ದಲ್ಲ.

ಥ್ರಿಲ್ಲರ್ ಬಗ್ಗೆ ಎರಡೇ ಮಾತು. ಶಂಕರ್ ನಾಗ್ ಅವರ ‘ಆಕ್ಸಿಡೆಂಟ್’ 1985ರದು. ಹಾಡೇ ಇಲ್ಲ, ಹಿನ್ನೆಲೆ ಸಂಗೀತ ಇಳಯರಾಜ. ರಾಜಕಾರಣಿಯ ಮಗ ನಶೆಯಲ್ಲಿ ಕಾರು ಓಡಿಸಿ ಫುಟ್‌ಪಾತ್ ಮೇಲೆ ಮಲಗಿದ್ದ ಕೂಲಿಯವರ ಮೇಲೆ ಹರಿಸುತ್ತಾನೆ. ಪತ್ರಕರ್ತನಾಗಿ ಶಂಕರ್ ನಾಗ್, ರಾಜಕಾರಣಿಯಾಗಿ ಅವರ ಅಣ್ಣ ಅನಂತ್ ನಾಗ್. ಅಣ್ಣನಿಗೆ ಕೆಟ್ಟವನ ಪಾತ್ರ ಕೊಟ್ಟು, ಅದನ್ನೇ ಸಿನಿಮಾದ ಗಟ್ಟಿ ಪಾತ್ರವಾಗಿ ಬರೆಸಿದ್ದಾರೆ. ಆದರೆ ಬದುಕಿ ಉಳಿದ ಒಬ್ಬ ಕೂಲಿಯವನಾಗಿ ರಮೇಶ್ ಭಟ್ ಇದ್ದಾರಲ್ಲ, ಅವರನ್ನು ನೋಡಿ. ಸುನಿಲ್ ಕುಮಾರ್ ದೇಸಾಯಿ ಅವರ ‘ನಿಷ್ಕರ್ಷ’ (1993) ಹಾಲಿವುಡ್ಡಿನ ನೆರಳಿನಲ್ಲಿ ಹುಟ್ಟಿದ್ದು, ಅದನ್ನು ಮುಚ್ಚಿಡಬೇಕಾಗಿಲ್ಲ. ಅದರಲ್ಲೂ ಹಾಡಿಲ್ಲ. ಮಣಿಪಾಲದ ಬ್ಯಾಂಕಿಗೆ ದರೋಡೆಕೋರರು ನುಗ್ಗುತ್ತಾರೆ. ದರೋಡೆಕೋರರ ನಾಯಕನಾಗಿ ಬಿ.ಸಿ. ಪಾಟೀಲ್, ಮೊದಲು ಪೊಲೀಸ್ ಅಧಿಕಾರಿ, ಆಮೇಲೆ ರಾಜ್ಯದ ಕೃಷಿ ಸಚಿವರೂ ಆದವರು!

ನಗಬೇಕು ಅನ್ನಿಸಿದಾಗ ಫಣಿ ರಾಮಚಂದ್ರ ಅವರ ‘ಗಣೇಶನ ಮದುವೆ’, 1990. ನಿಮಗೆ ವಠಾರ ಅಂದರೆ ಗೊತ್ತೋ ಇಲ್ಲವೋ. ಒಂದೇ ಅಂಗಳ, ಸಾಲು ಮನೆಗಳು, ಒಬ್ಬ ಮಾಲೀಕ. ನಿಮ್ಮ ಕಡೆಯ ವಾಡೆ, ಚಾಳುಗಳಿಗೆ ಹತ್ತಿರದ್ದು. ಇಲ್ಲಿನ ಮಾಲೀಕ ಮುಖ್ಯಮಂತ್ರಿ ಚಂದ್ರು. ಬಾಡಿಗೆದಾರ ಗಣೇಶನಾಗಿ ಅನಂತ್ ನಾಗ್, ಮಾಲೀಕನ ಮಗಳಾಗಿ ವಿನಯಾ ಪ್ರಸಾದ್. ಎದುರಿಗೆ ಸಿಕ್ಕರೆ ಇಬ್ಬರಿಗೂ ಜಗಳ. ಕಾಗದದಲ್ಲಿ ಮಾತ್ರ, ಯಾರು ಅಂತ ಗೊತ್ತಿಲ್ಲದೆ, ಪ್ರೀತಿ. ಇಷ್ಟೇ ಕಥೆ. ಹೊಡೆದಾಟವಿಲ್ಲ, ಅಸಹ್ಯದ ಜೋಕಿಲ್ಲ. ಚಂದ್ರು ಮತ್ತು ಅನಂತ್ ನಾಗ್ ಕಿತ್ತಾಡುವಾಗ ಸುತ್ತ ನಿಂತ ವಠಾರದವರ ಮುಖ ನೋಡಬೇಕು. ಪುಕ್ಕಟೆ ನಾಟಕ ನೋಡುವ ಖುಷಿ ಒಬ್ಬೊಬ್ಬರಲ್ಲೂ ಇದೆ. ನಮ್ಮ ಮನೆಯಲ್ಲಿ ಟಿವಿಯಲ್ಲಿ ಬಂದರೆ ಈಗಲೂ ಚಾನೆಲ್ ಬದಲಾಯಿಸಲು ಬಿಡುವುದಿಲ್ಲ.

ಹೊಸ ಕಾಲದ್ದು ಒಂದೇ ಹೇಳು ಅಂದರೆ ‘ತಿಥಿ’. ರಾಮ್ ರೆಡ್ಡಿ ನಿರ್ದೇಶನ, ಚಿತ್ರಕಥೆಯಲ್ಲಿ ಜೊತೆಗಾರರು ಈರೇಗೌಡ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿ ಗೆದ್ದು, ಮರುವರ್ಷ ನಮ್ಮ ಥಿಯೇಟರಿಗೆ ಬಂತು. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ ತೆಗೆದದ್ದು. ನಟಿಸಿದವರು ಊರಿನವರೇ, ಕ್ಯಾಮೆರಾ ಎದುರು ನಿಂತು ಅಭ್ಯಾಸವಿಲ್ಲದವರು.

ಶುರುವಾಗುವುದೇ ಹೀಗೆ. ನೂರೊಂದು ವರ್ಷದ ಸೆಂಚುರಿ ಗೌಡ ದಾರಿಯಲ್ಲಿ ಕೂತು ಹೋಗುವವರು ಬರುವವರನ್ನೆಲ್ಲ ಬಾಯಿಗೆ ಬಂದಂತೆ ಬೈಯುತ್ತಾರೆ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಆಮೇಲೆ ಮೂತ್ರಕ್ಕೆಂದು ಎದ್ದು ಹೋದವರು ಅಲ್ಲೇ ಬಿದ್ದು ಸಾಯುತ್ತಾರೆ. ಆಮೇಲಿನದು ಹನ್ನೊಂದನೇ ದಿನದ ತಿಥಿಯವರೆಗಿನ ಕಥೆ. ಮಗ ಗಡ್ಡಪ್ಪನಿಗೆ ಸಾವೂ ಬೇಡ, ಆಸ್ತಿಯೂ ಬೇಡ. ಬ್ರಾಂಡಿ ಹಾಕಿಕೊಂಡು ಹೊಲ ಗದ್ದೆ ಸುತ್ತುತ್ತಾನೆ. ಮೊಮ್ಮಗ ತಮ್ಮಣ್ಣನಿಗೆ ಜಮೀನು ಮಾರಬೇಕು, ಅದಕ್ಕೆ ಬದುಕಿರುವ ಅಪ್ಪ ಸತ್ತಿದ್ದಾನೆ ಅಂತ ಕಾಗದ ಮಾಡಿಸಬೇಕು. ಮರಿಮಗನಿಗೆ ಕುರಿಗಾಹಿ ಹುಡುಗಿ ಬೇಕು. ಇಲ್ಲಿ ಹೀರೋ ಅಂತ ಯಾರನ್ನು ಕರೆಯುತ್ತೀರಿ? ಮಂಡ್ಯದ ಮಾತು ಮೊದಲು ಕಿವಿಗೆ ಹತ್ತದೇ ಇರಬಹುದು, ಸಬ್‌ಟೈಟಲ್ ಹಾಕಿಕೊಳ್ಳಿ, ನಾಚಿಕೆ ಏನಿಲ್ಲ. ಗಡ್ಡಪ್ಪ ಕುರಿಗಾಹಿಗಳ ಜೊತೆ ಕೂತು ತನ್ನ ಹಳೆಯ ಕಥೆ ಬಿಚ್ಚುವ ರಾತ್ರಿಯ ದೃಶ್ಯ ಬಂದಾಗ ಮಾತ್ರ ಫೋನ್ ಪಕ್ಕಕ್ಕಿಡಿ.

‘ಕಾಂತಾರ’ ನೀವು ನೋಡಿದ್ದೀರಿ ಎಂದು ಬಿಟ್ಟಿದ್ದೇನೆ. ಅದರಲ್ಲೂ ನನಗೆ ಇಷ್ಟವಾದದ್ದು ಊರಿನ ಪಟಾಲಂ ಇರುವ ಭಾಗಗಳೇ.

ನೋಡುವ ಕ್ರಮ ಕೇಳಿದರೆ: ಮನೆಯವರ ಜೊತೆ ಭಾನುವಾರ ಮಧ್ಯಾಹ್ನ ಊಟ ಮುಗಿಸಿ ‘ಗಣೇಶನ ಮದುವೆ’. ಕನ್ನಡ ಕಿವಿಗೆ ಪಳಗಿದ ಮೇಲೆ ‘ಅಯ್ಯು’, ಆಮೇಲೆ ‘ತಿಥಿ’. ‘ಘಟಶ್ರಾದ್ಧ’ ಒಬ್ಬರೇ ಕೂತು ನೋಡಿ. ನಿಮ್ಮೂರಿನಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವೇ ಇದೆ, ಅಲ್ಲಿ ಹಳೆಯ ಸಿನಿಮಾ ಪ್ರದರ್ಶನಗಳ ಮೇಲೆ ಒಂದು ಕಣ್ಣಿಟ್ಟಿರಿ. ದೊಡ್ಡ ಪರದೆಯಲ್ಲಿ ‘ಘಟಶ್ರಾದ್ಧ’ ನೋಡುವ ಅವಕಾಶ ಬೆಂಗಳೂರಿನಲ್ಲಿರುವ ನನಗಿಂತ ನಿಮಗೇ ಮೊದಲು ಸಿಕ್ಕರೂ ಸಿಗಬಹುದು.